ಹಗಿನೋ ಹೈಸ್ಕೂಲಿನಲ್ಲಿದ್ದಾಗ

ಗ್ಯೋಟೋಕು ದಾಟಿ

"ಅಕ್ಕಾ, ಏನಾದ್ರೂ ಮಾಡು, ರ‍್ಯಾಪಿಡ್ ರೈಲು ಮಾತ್ರ ಹತ್ತಬೇಡ" ಎಂದು ತಂಗಿ ಸುಧಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದ್ದಳು. ನಾನು ಸಂಜೆ ಹತ್ತಿದ್ದು ಅದನ್ನೇ.

ಸುಧಾ ಇರುವುದು ಗ್ಯೋಟೋಕುವಿನಲ್ಲಿ. ಟೋಕಿಯೋಗೆ ಕೆಲಸಕ್ಕೆ ಹೋಗಿಬರುವ ನಮ್ಮ ಕಡೆಯವರು ಬಹಳ ಮಂದಿ ಇರುವ ಜಾಗ. ಸ್ಟೇಷನ್ನಿನ ಹತ್ತಿರ ಬೇಳೆ, ರವೆ, ಕರಿಬೇವು ಎಲ್ಲ ಸಿಗುತ್ತದೆ. ಆದರೆ ರ‍್ಯಾಪಿಡ್ ರೈಲು ಅಲ್ಲಿ ನಿಲ್ಲುವುದಿಲ್ಲ. ನಾನು ಕಿಟಕಿಯಿಂದ ಗ್ಯೋಟೋಕು ಬೋರ್ಡು ಸರ್ರನೆ ಹಿಂದೆ ಸರಿದುದನ್ನು ನೋಡಿ ಎದ್ದು ನಿಂತೆ. ಎದ್ದು ನಿಂತು ಮಾಡುವುದೇನು? ಚೈನು ಎಳೆಯೋಣವೆಂದರೆ ಚೈನೂ ಇಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರಿಗೆ ಬಂದ ವಯಸ್ಸಾದ ಒಬ್ಬರಿಗೆ "ಸುಮಿಮಾಸೆನ್, ಗ್ಯೋಟೋಕು?" ಎಂದೆ. ಕ್ಷಮಿಸಿ ಎನ್ನುವ ಆ ಒಂದು ಜಪಾನಿ ಮಾತು ಮಾತ್ರ ನನಗೆ ಬರುತ್ತಿತ್ತು. ಅವರು ಕೈ ತೋರಿಸಿ ಹೋಗಿಬಿಡಬಹುದಿತ್ತು. ಬದಲಿಗೆ ನನ್ನ ಜೊತೆ ಮೆಟ್ಟಿಲು ಹತ್ತಿಳಿದು, ಆಚೆ ಪ್ಲಾಟ್‌ಫಾರಂಗೆ ಬಂದು, ರೈಲಿನೊಳಗೇ ಬಂದು ಕೂತರು. ನನ್ನನ್ನು ಮುಟ್ಟಿಸಿ ಅವರು ಮತ್ತೆ ವಾಪಸ್ಸು ಹೋಗಬೇಕು. ಬೇಡವೆಂದರೂ ಕೇಳಲಿಲ್ಲ.

ಅವರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಏನು ಕೆಲಸ ಎಂದು ಕೇಳಿದರು. ಹೈಸ್ಕೂಲ್ ಟೀಚರ್, ಸ್ಪೋರ್ಟ್ಸ್, ಫುಟ್‌ಬಾಲ್ ಎಂದೆ. ನಾನು ಭದ್ರಾವತಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ದಸರಾ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ತಂಗಿಯ ಮನೆಗೆ ಬಂದಿದ್ದೆ. ಹೈಸ್ಕೂಲು, ಫುಟ್‌ಬಾಲು ಎಂಬ ಎರಡು ಮಾತು ಕಿವಿಗೆ ಬಿದ್ದದ್ದೇ ಆ ಹಿರಿಯರ ಮುಖ ಅರಳಿತು. ಯೂರೋಪಿನಲ್ಲಿ ಆಡಿ ಹೆಸರು ಮಾಡಿದ ಯಾವನೋ ಆಟಗಾರನ ಹೆಸರು ಹೇಳಿ, ಅವನು ಹೈಸ್ಕೂಲಿನಲ್ಲಿದ್ದಾಗ ಹಿಮ ಬೀಳುವ ಮೈದಾನದಲ್ಲಿ ಆಡಿದ್ದನ್ನು ತಾನು ಕಂಡೆನೆಂದರು. ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು "ಸ್ಮಾಲ್, ವೆರಿ ಸ್ಮಾಲ್" ಎಂದರು. ಆಮೇಲೆ ತನ್ನೆದೆ ತೋರಿಸಿಕೊಂಡು, "ಐ ನೋ. ದಟ್ ಡೇ, ಐ ನೋ" ಎಂದರು. ಅಷ್ಟರಲ್ಲಿ ಗ್ಯೋಟೋಕು ಬಂತು. ಇಬ್ಬರೂ ಇಳಿದೆವು. ನಾನು ಮೆಟ್ಟಿಲ ಹತ್ತಿರ ತಿರುಗಿ ನೋಡಿದರೆ, ವಾಪಸ್ಸು ರೈಲಿಗೆ ಕಾಯುತ್ತಿದ್ದ ಅವರು ಇನ್ನೂ ತಲೆ ಬಾಗಿಸುತ್ತಿದ್ದರು.

ಈ ಕಥೆ ಊಟದ ಹೊತ್ತಿನಲ್ಲಿ ಹೇಳಿದಾಗ ಸುಧಾ ರ‍್ಯಾಪಿಡ್ ಹತ್ತಿದ್ದಕ್ಕೆ ಬೈದಳು. ಅವಳ ಮಗಳು ಅದಿತಿ ಮಾತ್ರ ನಕ್ಕಳು. "ದೊಡ್ಡಮ್ಮ, ಇಲ್ಲಿ ಎಲ್ಲರೂ ಹಾಗೇ. ಸ್ಟಾರ್ ಆದ್ಮೇಲೆ ನೋಡೋದು ಈಸಿ. ಹೈಸ್ಕೂಲಲ್ಲೇ ನೋಡಿದೆ ಅಂದ್ರೆ ಅದು ಪ್ರೌಡ್."

ಆಮೇಲೆ ಗಮನವಿಟ್ಟು ನೋಡಿದೆ, ನಿಜವೇ. ಕೊಂಬಿನಿ ಎಂದು ಇಲ್ಲಿಯವರು ಕರೆಯುವ ಮೂಲೆಯಂಗಡಿಯಲ್ಲಿ ಬಿಲ್ಲು ಹಾಕುವ ಹೆಂಗಸಿನ ಹತ್ತಿರವೂ ಇಂಥದೊಂದು ಕಥೆ ಇತ್ತು. ಸುಧಾಳ ಪಕ್ಕದ ಮನೆಯವರ ಹತ್ತಿರವೂ ಇತ್ತು. ಹೊಸವರ್ಷದ ಹೊತ್ತಿಗೆ ಹೈಸ್ಕೂಲು ಹುಡುಗರ ದೇಶಮಟ್ಟದ ಪಂದ್ಯಗಳನ್ನು ಮನೆಮಂದಿಯೆಲ್ಲ ಟೀವಿಯಲ್ಲಿ ನೋಡುತ್ತಾರಂತೆ. ಅಲ್ಲಿ ಕಂಡ ಮುಖವೊಂದು ಮುಂದೆ ದೊಡ್ಡದಾದರೆ, ಅದು ನಮ್ಮ ಮುಂದೆಯೇ ಬೆಳೆದ ಮಗು ಎನ್ನುವ ಹಾಗೆ ಮಾತಾಡುತ್ತಾರೆ.

ನನಗೆ ಶಬಾನಾ ನೆನಪಾದಳು. ನನ್ನ ಕೈಕೆಳಗೆ ಆಡಿದ ಹುಡುಗಿಯರಲ್ಲೆಲ್ಲ ಅಂಥ ಎಡಗಾಲು ಇನ್ನೊಬ್ಬಳಿಗಿರಲಿಲ್ಲ. ಜಿಲ್ಲಾ ಮಟ್ಟದ ಪಂದ್ಯದಲ್ಲಿ ಅರ್ಧ ಮೈದಾನದಿಂದ ಹೊಡೆದ ಗೋಲು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ನೋಡಿದವರು ಯಾರೆಂದರೆ ನಾನು, ರೆಫರಿ, ಮತ್ತೆ ಮೈದಾನದ ಪಕ್ಕದ ಸೋಡಾ ಅಂಗಡಿಯವರು. ಎಸ್ಸೆಸ್ಸೆಲ್ಸಿ ಮುಗಿಯಿತು, ಶಬಾನಾಳ ಆಟವೂ ಮುಗಿಯಿತು. ನಮ್ಮಲ್ಲಿ ಹೈಸ್ಕೂಲಿನ ಆಟಗಾರ್ತಿಯನ್ನು ನೆನಪಿಟ್ಟುಕೊಳ್ಳುವುದು ಪಿ.ಟಿ. ಟೀಚರಿನ ಕೆಲಸ. ಇಲ್ಲಿ ಅದು ಊರಿನ ಕೆಲಸ. ಹಾಗಾದರೆ ಇವರು ನೋಡುವುದಾದರೂ ಏನನ್ನು? ಒಂದು ಹುಡುಗಿ ಹದಿನೇಳು ವರ್ಷಕ್ಕೇ "ನಾನು ಬೇರೆ" ಎಂದು ತೋರಿಸುವುದು ಹೇಗೆ? ಈ ಪ್ರಶ್ನೆ ತಲೆಯೊಳಗೆ ಕೂತಿತು.

"ಸಂಡೇ ಬನ್ನಿ. ಒಬ್ಬಳನ್ನ ತೋರಿಸ್ತೀನಿ" ಎಂದಳು ಅದಿತಿ.

ನದಿಯ ದಂಡೆ

ಅದಿತಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದೆಲ್ಲ ಇಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮೂರು ಭಾಷೆಯಲ್ಲಿ ಚೂರುಚೂರಾಗಿ ಬರುತ್ತದೆ. ಸರ್ಕಾರಿ ಹೈಸ್ಕೂಲಿನ ಕೊನೆಯ ವರ್ಷ. ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಹನ್ನೊಂದು ಜನ ಸೇರಿಸಲಿಕ್ಕೇ ಪರದಾಡುವಂಥ ಸಣ್ಣ ತಂಡ. ಆದರೂ ಆ ವರ್ಷದ ಟೂರ್ನಮೆಂಟಿನಲ್ಲಿ ಹೇಗೋ ಒಂದೆರಡು ಸುತ್ತು ಗೆದ್ದು, ಭಾನುವಾರದ ಕ್ವಾರ್ಟರ್ ಫೈನಲ್‌ಗೆ ಬಂದಿತ್ತು.

ಶನಿವಾರ ಬೆಳಿಗ್ಗೆ ಎದೋಗಾವಾ ನದಿಯ ದಂಡೆಯ ಮೈದಾನಕ್ಕೆ ಇಬ್ಬರೂ ಹೋದೆವು. ನಮ್ಮ ಭದ್ರಾ ನದಿಗೆ ಹೋಲಿಸಿದರೆ ಇದು ತೀರ ಶಿಸ್ತಿನ ನದಿ. ಎರಡೂ ಕಡೆ ಹುಲ್ಲಿನ ಏರಿ, ಏರಿಯ ಮೇಲೆ ಓಡುವವರು, ಸೈಕಲ್ಲಿನವರು, ನಾಯಿ ಹಿಡಿದವರು. ನಾನು ಬೂಟು ಕಟ್ಟಿಕೊಂಡು ಬಾಲು ಒದೆದೆ, ಅವಳು ಹಿಡಿದಳು. ಚೆನ್ನಾಗಿಯೇ ಹಿಡಿಯುತ್ತಿದ್ದಳು. ಕೆಳಗೆ ಬಂದ ಬಾಲಿಗೆ ಹೆದರುತ್ತಿರಲಿಲ್ಲ, ಬಿದ್ದರೆ ಚಂಗನೆ ಏಳುತ್ತಿದ್ದಳು. ನಾಳೆ ಎದುರು ಆಡುವವರಿಗೆ ಗೋಲು ಸುಲಭವಲ್ಲ ಎಂದುಕೊಂಡೆ.

ಸುಸ್ತಾಗಿ ಕೂತಾಗ ಕೇಳಿದೆ. "ನಾಳೆ ಸೋತರೆ?"

"ಇಂತಾಯ್" ಎಂದಳು.

"ಅಂದ್ರೆ?"

"ರಿಟೈರ್‌ಮೆಂಟ್. ಥರ್ಡ್ ಇಯರ್‌ನವರು ಸೋತ ದಿನವೇ ರಿಟೈರ್. ಆಮೇಲೆ ಓನ್ಲಿ ಸ್ಟಡೀಸ್."

ನನಗೆ ನಗು ಬಂತು. "ನನಗೇ ಇನ್ನೂ ರಿಟೈರ್‌ಮೆಂಟ್ ಬಂದಿಲ್ಲ, ನಿನಗೆ ಹದಿನೇಳಕ್ಕೆ ಬಂತಾ?"

ಅವಳು ನಗಲಿಲ್ಲ. ಗ್ಲೌಸಿನ ಪಟ್ಟಿ ಬಿಚ್ಚುತ್ತ, ಹಾಕುತ್ತ ಕೂತಳು. "ಅಮ್ಮಂಗೆ ಪ್ರಾಮಿಸ್ ಮಾಡಿದೀನಿ. ಈ ಟೂರ್ನಮೆಂಟ್ ಆದ್ಮೇಲೆ ಗ್ಲೌಸ್ ಕೊಟ್ಬಿಡ್ತೀನಿ, ಯಾರಾದ್ರೂ ಜೂನಿಯರ್‌ಗೆ. ಯೂನಿವರ್ಸಿಟಿಲಿ ಆಡಲ್ಲ ಅಂತ."

ಮನೆಗೆ ಬಂದು, ಅದಿತಿ ಸ್ನಾನಕ್ಕೆ ಹೋದಾಗ ಸುಧಾಳನ್ನು ಕೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಅಕ್ಕಾ, ನೀನು ಬಂದು ಅವಳಿಗೆ ಗಾಳಿ ಹಾಕಬೇಡ. ಇಲ್ಲಿ ಎಂಟ್ರೆನ್ಸ್ ಎಕ್ಸಾಮ್ ಅಂದ್ರೆ ತಮಾಷೆ ಅಲ್ಲ. ಇವಳು ಓದೋದು ಜಪಾನೀಸಲ್ಲಿ, ನಂಗೆ ಒಂದು ಪಾಠ ಹೇಳಿಕೊಡೋಕೆ ಬರಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ಲಿಗೂ ಸಲ್ಲದೋಳು ಆಗ್ತಾಳೆ, ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ." ಲಟ್ಟಿಸಿದ್ದನ್ನು ಹೆಂಚಿಗೆ ಹಾಕಿ ಮೆಲ್ಲಗೆ ಹೇಳಿದಳು. "ನಾಳೆ ಸೋತ್ರೇ ಒಳ್ಳೇದು ಅನ್ಸತ್ತೆ ಒಂದೊಂದ್ಸಲ. ನೀನು ಅವಳ ಮುಂದೆ ಅನ್ಬೇಡ."

"ನೀನು ಅವಳ ಆಟ ನೋಡಿದೀಯಾ?"

"ಎಲ್ಲಿ ಟೈಮು" ಎಂದಳು.

ಭಾನುವಾರದ ಮೈದಾನ

ಪಂದ್ಯ ನಡೆದದ್ದು ಬೇರೊಂದು ಶಾಲೆಯ ಮೈದಾನದಲ್ಲಿ. ಸುಧಾ ಕೆಲಸವಿದೆ ಎಂದು ಮನೆಯಲ್ಲೇ ಉಳಿದಳು. ಅವಳ ಗಂಡ ಆಫೀಸಿನ ಕೆಲಸದ ಮೇಲೆ ಓಸಾಕಾಗೆ ಹೋಗಿದ್ದ. ಹಾಗಾಗಿ ನಮ್ಮ ಮನೆಯ ಪರವಾಗಿ ನಾನೊಬ್ಬಳೇ. ತಾಯಂದಿರು ಮಡಿಸುವ ಪುಟ್ಟ ಕುರ್ಚಿ, ಫ್ಲಾಸ್ಕು, ಮೊಣಕಾಲ ಮೇಲೆ ಹಾಸಿಕೊಳ್ಳುವ ಬಟ್ಟೆ ಎಲ್ಲ ತಂದಿದ್ದರು. ಬಂದವರೆಲ್ಲ ಎದುರು ತಂಡದ ತಾಯಂದಿರಿಗೂ ನಮಸ್ಕಾರ ಮಾಡಿಯೇ ಕೂತರು. ನಮ್ಮ ಕಡೆಯ ಇಂಟರ್‌ಸ್ಕೂಲ್ ಪಂದ್ಯಗಳಲ್ಲಿ ಎದುರು ಪಾರ್ಟಿಯವರ ಕಡೆ ಹೇಗೆ ನೋಡುತ್ತೇವೆಂದು ಯೋಚಿಸಿ ನನಗೆ ನಾಚಿಕೆಯಾಯಿತು.

ಎದುರು ತಂಡ ಫುಟ್‌ಬಾಲಿಗೇ ಹೆಸರಾದ ಖಾಸಗಿ ಶಾಲೆ. ಅದರ ನಾಯಕಿಯೇ ಅದಿತಿ ತೋರಿಸುತ್ತೇನೆಂದ ಹುಡುಗಿ, ಹಗಿನೋ. ದೊಡ್ಡ ಕ್ಲಬ್ಬಿನವರು ಆಗಲೇ ಕರೆದಿದ್ದಾರಂತೆ. ನಾನು ಕಣ್ಣರಳಿಸಿಕೊಂಡು ಹುಡುಕಿದೆ. ಗಿಡ್ಡ ಹುಡುಗಿ, ಕತ್ತರಿಸಿದ ಕೂದಲು, ಸ್ವಲ್ಪ ಸಡಿಲವಾದ ಅಂಗಿ. ಆಟ ಶುರುವಾಗಿ ಬಹಳ ಹೊತ್ತು ಅವಳು ಓಡಲೇ ಇಲ್ಲ. ತರಕಾರಿ ಸಂತೆಯಲ್ಲಿ ನಡೆಯುವವರ ಹಾಗೆ ಆ ಕಡೆ ಈ ಕಡೆ ನೋಡುತ್ತ ನಡೆಯುತ್ತಿದ್ದಳು. ನನ್ನ ಶಾಲೆಯವಳಾಗಿದ್ದರೆ ಸೀಟಿ ಊದಿ ಮೈದಾನಕ್ಕೆ ಎರಡು ಸುತ್ತು ಹಾಕಿಸುತ್ತಿದ್ದೆ. ಇವಳಾ ಸ್ಟಾರು ಎಂದುಕೊಂಡೆ.

ಅಷ್ಟರಲ್ಲಿ ಎಲ್ಲಿಂದಲೋ ಬಾಲು ಅವಳ ಕಾಲಿಗೆ ಬಂತು. ಬಂದದ್ದು ಕಂಡಿತು, ಹೋದದ್ದು ಕಾಣಲಿಲ್ಲ. ಅದಿತಿ ಕಾಲು ಚಾಚಿ ಹೇಗೋ ತಡೆದಿದ್ದಳು. ನಾನು ಎದ್ದು ನಿಂತು, "ಬಿಡಬೇಡ ಅದಿತಿ, ಬಿಡಬೇಡ" ಎಂದು ಕೂಗಿದೆ. ಮೈದಾನದಲ್ಲಿ ನನ್ನದೊಂದೇ ದನಿ. ಎಲ್ಲರೂ ತಿರುಗಿದರು. ಮೆಲ್ಲಗೆ ಕೂತು "ಸುಮಿಮಾಸೆನ್" ಎಂದೆ. ಪಕ್ಕದ ಹೆಂಗಸು ನನ್ನ ಕಡೆ ಬಾಗಿ, ಆ ಮಾತಿಗೆ ಅರ್ಥವೇನೆಂದು ಸನ್ನೆಯಲ್ಲೇ ಕೇಳಿದರು. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳುವಂತೆ ಮಾಡಿ ತೋರಿಸಿದೆ. ಮಧ್ಯಂತರ ಮುಗಿಯುವುದರೊಳಗೆ ಆ ಸಾಲಿನ ತಾಯಂದಿರೆಲ್ಲ "ಬಿದಬೇದಾ" ಎಂದು ತಾಳ ಹಾಕಿ ಕೂಗುವುದನ್ನು ಕಲಿತಿದ್ದರು. ಅದಿತಿ ಗೋಲಿನಿಂದಲೇ ತಲೆಗೆ ಕೈ ಹಚ್ಚಿಕೊಂಡಿದ್ದು ಕಂಡಿತು.

ಎರಡನೆಯ ಅರ್ಧದಲ್ಲಿ ನಮ್ಮ ಹುಡುಗಿಯೊಬ್ಬಳ ಕೈಗೆ ಬಾಲು ತಾಗಿ ಪೆನಾಲ್ಟಿ ಆಯಿತು. ಹಗಿನೋ ಬಾಲು ಇಟ್ಟಳು. ಅವಸರವೇ ಇಲ್ಲ. ಬಾಲಿನ ಕಡೆ ನೋಡದೆ ಅದಿತಿಯನ್ನೇ ನೋಡುತ್ತ ನಾಲ್ಕು ಹೆಜ್ಜೆ ಬಂದಳು. ಅದಿತಿ ಬಲಕ್ಕೆ ಹಾರಿದಳು, ಬಾಲು ಎಡಕ್ಕೆ ಹೋಯಿತು. ಜೋರಾಗಿ ಕೂಡ ಹೋಗಲಿಲ್ಲ, ಉರುಳಿಕೊಂಡು ಹೋಯಿತು. ನೋಡುವುದಕ್ಕೆ ಆಗದೆ ನಾನು ಬೇರೆ ಕಡೆ ಕತ್ತು ಹೊರಳಿಸಿದೆ. ಬಲೆಬೇಲಿಯ ಆಚೆ, ಮಾಸ್ಕು ಹಾಕಿಕೊಂಡು, ಬೇಲಿಯ ತಂತಿಯೊಳಗೆ ಬೆರಳು ತೂರಿಸಿ ನಿಂತಿದ್ದ ಹೆಂಗಸು ಕಂಡಳು. ಸುಧಾ. ಯಾವಾಗ ಬಂದಳೋ. ನಾನು ಕೈ ಎತ್ತಲಿಲ್ಲ. ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ.

ಇನ್ನೊಂದು ಗೋಲೂ ಆಯಿತು. ಆಮೇಲೆ ಮುಗಿಯಿತು.

ಸೋತ ಮೇಲೆ ನಡೆದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಎರಡೂ ತಂಡ ಸಾಲಾಗಿ ನಿಂತು ಎರಡೂ ಕಡೆಯ ಪ್ರೇಕ್ಷಕರಿಗೆ ಬಾಗಿ ನಮಸ್ಕರಿಸಿದವು. ನಮ್ಮ ಹುಡುಗಿಯರು ಗೆಲುವಿಗೆಂದು ಬಣ್ಣದ ಕಾಗದದ ಕೊಕ್ಕರೆಗಳನ್ನು ಮಡಿಸಿ ದಾರಕ್ಕೆ ಪೋಣಿಸಿದ್ದರು. ದೊಡ್ಡ ಗೊಂಚಲು, ಮದುವೆ ಹಾರದಷ್ಟು ಭಾರ. ಅದನ್ನು ತಂದು ಅಳುತ್ತಲೇ ಹಗಿನೋ ಕೈಗೆ ಕೊಟ್ಟರು. ನಮ್ಮ ಪಾಲಿನದನ್ನೂ ನೀವೇ ಆಡಿ ಎಂದು ಅದರ ಅರ್ಥವಂತೆ. ಹಗಿನೋ ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ತಲೆ ಬಾಗಿಸಿದಳು. ಅದಿತಿ ಮಾತ್ರ ಅಳಲಿಲ್ಲ. ಎಲ್ಲರೂ ಅಳುತ್ತಿದ್ದಾಗ ಅವಳು ಮೈದಾನದ ಗುರುತಿನ ಕೋನುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು.

ಸ್ಟೇಷನ್ನಿನ ನೂಡಲ್ಸ್ ಅಂಗಡಿ

ಸುಧಾ ಬಂದು ಸೇರಿಕೊಂಡಳು. ಸ್ಟೇಷನ್ನಿನ ಹತ್ತಿರದ ನೂಡಲ್ಸ್ ಅಂಗಡಿಗೆ ಹೋದೆವು. ಅಲ್ಲಿ ಬಾಗಿಲಲ್ಲೇ ಯಂತ್ರಕ್ಕೆ ದುಡ್ಡು ಹಾಕಿ, ಬೇಕಾದ ತಿಂಡಿಯ ಗುಂಡಿ ಒತ್ತಿ, ಚೀಟಿ ತೆಗೆದುಕೊಳ್ಳಬೇಕು. ಸುಧಾ, ಅದಿತಿ ಕೈ ತೊಳೆಯಲು ಹೋದಾಗ, ನನ್ನದು ನಾನೇ ತೆಗೆದುಕೊಳ್ಳೋಣವೆಂದು ಧೈರ್ಯವಾಗಿ ಒಂದು ಗುಂಡಿ ಒತ್ತಿದೆ. ಬಂದ ಚೀಟಿಯನ್ನು ಕೌಂಟರಿನಲ್ಲಿ ಕೊಟ್ಟರೆ, ಒಂದು ಪುಟ್ಟ ಬಟ್ಟಲಲ್ಲಿ ಹೆಚ್ಚಿದ ಈರುಳ್ಳಿ ಸೊಪ್ಪು ಕೊಟ್ಟರು. ಅಷ್ಟೇ.

ಬಟ್ಟಲು ಹಿಡಿದು ನಿಂತಿದ್ದಾಗ ಹಿಂದಿನಿಂದ ಯಾರೋ ಮೆತ್ತಗೆ ಏನೋ ಕೇಳಿದರು. ತಿರುಗಿದರೆ ಹಗಿನೋ. ಒಬ್ಬಳೇ, ಟ್ರ್ಯಾಕ್‌ಸೂಟಿನಲ್ಲಿ, ಬೆನ್ನಿಗೆ ಚೀಲ. ನಾನು ಮೀನು, ಮಾಂಸ ಬೇಡವೆಂದು ಸನ್ನೆಯಲ್ಲಿ ಹೇಳುವುದಕ್ಕೆ ಒದ್ದಾಡಿದೆ. ಕೈಯಲ್ಲಿ ಮೀನು ಈಜಿಸಿ, ಇಲ್ಲವೆಂದು ತಲೆಯಾಡಿಸಿದೆ. ಅವಳು ಒಂದಿಷ್ಟೂ ನಗದೆ ಯೋಚಿಸಿ, ಒಳಗೆ ಉಪ್ಪುಹುಳಿ ಹಣ್ಣಿಟ್ಟ ಅನ್ನದುಂಡೆಯ ಗುಂಡಿ ತೋರಿಸಿದಳು. ಅಷ್ಟರಲ್ಲಿ ಅದಿತಿ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಒಟ್ಟಿಗೇ ತಲೆ ಬಾಗಿಸಿದರು. ನಾನು ನಮ್ಮ ಮೇಜಿನ ಕುರ್ಚಿ ಎಳೆದು "ಕೂತ್ಕೊಳಮ್ಮ" ಎಂದೆ. ಭಾಷೆ ಬೇಕಾಗಲಿಲ್ಲ, ಕೂತಳು.

ನನ್ನ ಪ್ರಶ್ನೆ ಎದುರಿಗೇ ಬಂದು ಕೂತಿದೆ, ಬಿಡುವುದು ಹೇಗೆ? "ಅದಿತಿ, ಅವಳನ್ನ ಕೇಳು. ಪೆನಾಲ್ಟಿ ಹೊಡೆಯುವಾಗ ನೀನು ಬಲಕ್ಕೆ ಹೋಗ್ತೀಯ ಅಂತ ಹೇಗೆ ಗೊತ್ತಾಯ್ತು?"

"ದೊಡ್ಡಮ್ಮ, ಪ್ಲೀಸ್."

"ಅಕ್ಕಾ, ಈಗ ಬೇಕಾ ಅದು?" ಎಂದಳು ಸುಧಾ.

"ಕೇಳು, ನಾನು ಟೀಚರ್ ಅಂತ ಹೇಳು. ನನ್ನ ಹುಡುಗಿಯರಿಗೆ ಹೇಳಿಕೊಡೋಕೆ ಬೇಕು."

ಅದಿತಿ ಕೇಳಿದಳು. ಹಗಿನೋ ಉತ್ತರಿಸದೆ ಅವಳ ಮುಖ ನೋಡಿದಳು. ಹೇಳಲೇ ಎಂದು ಕೇಳುವಂತಿತ್ತು ಆ ನೋಟ. ಅದಿತಿ ಹೂಂ ಎಂದು ತಲೆಯಾಡಿಸಿದಳು. ಹಗಿನೋ ಚಾಪ್‌ಸ್ಟಿಕ್ ಕೆಳಗಿಟ್ಟು, ಕೂತಲ್ಲೇ ತನ್ನ ಬಲಭುಜ ಮುಟ್ಟಿ ಮೆಲ್ಲಗೆ ಮಾತಾಡಿದಳು.

ಅದಿತಿ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು. "ಅವಳು ಹೇಳ್ತಾಳೆ... ನನ್ನ ಶೋಲ್ಡರ್. ನಾನು ಹಾರೋ ಮುಂಚೆ, ಯಾವ ಕಡೆ ಹಾರ್ತೀನೋ ಆ ಶೋಲ್ಡರ್ ಕೆಳಗೆ ಹೋಗತ್ತೆ. ಸ್ವಲ್ಪನೇ. ಫಸ್ಟ್ ಹಾಫ್‌ನಲ್ಲಿ ಕಾರ್ನರ್ ಬಂದಾಗೆಲ್ಲ ನೋಡ್ತಾ ಇದ್ಲಂತೆ."

ನಾನು ಹಿಂದಿನ ದಿನ ನದಿಯ ದಂಡೆಯಲ್ಲಿ ಬೆವರಿಳಿಯುವವರೆಗೆ ಈ ಹುಡುಗಿಗೆ ಬಾಲು ಒದೆದಿದ್ದೆ. ಜೀವಮಾನವೆಲ್ಲ ಸೀಟಿ ಊದಿದವಳು. ಆ ಭುಜ ನನಗೆ ಕಂಡಿರಲಿಲ್ಲ. ಸಂತೆಯಲ್ಲಿ ನಡೆದಂತೆ ನಡೆಯುತ್ತಾಳೆ ಎಂದುಕೊಂಡಿದ್ದೆನಲ್ಲ, ಅವಳು ಅಷ್ಟು ಹೊತ್ತೂ ನೋಡುತ್ತಿದ್ದಳು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಅದನ್ನು ತರಲು ನಾನು ಅದಿತಿಯನ್ನೇ ಕಳಿಸಿದ್ದೆ. ಸುಧಾ ನನ್ನ ಕಡೆ ನೋಡಿದ ನೋಟಕ್ಕೆ ಕೈಯಲ್ಲಿದ್ದ ಅನ್ನದುಂಡೆಯನ್ನು ತಟ್ಟೆಗೆ ಇಟ್ಟುಬಿಟ್ಟೆ.

ಅದಿತಿ ತನ್ನ ಬಲಭುಜವನ್ನು ನೋಡಿಕೊಂಡಳು, ಅದು ಬೇರೆ ಯಾರದೋ ಎನ್ನುವ ಹಾಗೆ. ಆಮೇಲೆ ಹಗಿನೋಗೆ ಏನೋ ಕೇಳಿದಳು. ಅವಳು ಏನೋ ಹೇಳಿದಳು. ಮತ್ತೆ ಕೇಳಿದಳು. ನೋಡುನೋಡುತ್ತ ಇಬ್ಬರೂ ಎದ್ದು, ಗಾಜಿನ ಬಾಗಿಲು ದಾಟಿ ಹೊರಗೆ ಹೋದರು.

ಹೊರಗೆ ಸೈಕಲ್ಲು ನಿಲ್ಲಿಸುವ ಜಾಗ. ಸಂಜೆಯ ಬೆಳಕಿನ್ನೂ ಇತ್ತು. ಹಗಿನೋ ಇಲ್ಲದ ಬಾಲನ್ನು ನೆಲದ ಮೇಲೆ ಇಟ್ಟಳು, ಹಿಂದೆ ಸರಿದಳು, ಓಡಿ ಬಂದು ಒದೆದಳು. ಅದಿತಿ ಎರಡು ಸೈಕಲ್ಲುಗಳ ನಡುವೆ ಮೊಣಕಾಲು ಬಗ್ಗಿಸಿ ನಿಂತಳು. ಹಗಿನೋ ಇಲ್ಲವೆಂದು ತಲೆಯಾಡಿಸಿ, ಹತ್ತಿರ ಬಂದು ಅವಳ ಎರಡೂ ಭುಜ ಹಿಡಿದು ಸಮ ಮಾಡಿದಳು. ಮತ್ತೆ ಒದೆದಳು. ಮತ್ತೆ ತಲೆಯಾಡಿಸಿದಳು. ಸೈಕಲ್ಲು ತೆಗೆಯಲು ಬಂದ ಯಾರೋ ಒಬ್ಬರು, ಆ ಪೆನಾಲ್ಟಿ ಮುಗಿಯಲೆಂದು ಕೀಲಿ ಕೈಯಲ್ಲಿ ಹಿಡಿದು ಕಾದು ನಿಂತರು. ಎಷ್ಟೋ ಸಲ ಆದ ಮೇಲೆ ಹಗಿನೋ ಒದ್ದವಳು ಹಾಗೇ ನಿಂತು, ಎರಡೂ ಕೈ ಮೇಲೆತ್ತಿದಳು. ಯಾವ ಕಡೆ ಹಾರುತ್ತಾಳೆಂದು ಗೊತ್ತಾಗಲಿಲ್ಲ ಎಂಬಂತೆ. ಅದಿತಿ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

"ನೂಡಲ್ಸ್ ಆರಿಹೋಗ್ತಿದೆ" ಎಂದಳು ಸುಧಾ.

"ಕರಿ ಹಾಗಾದ್ರೆ."

ಸುಧಾ ಎದ್ದಳು. ಗಾಜಿನ ತನಕ ಹೋಗಿ ನಿಂತಳು. ಕರೆಯಲಿಲ್ಲ.

ಅವರು ಒಳಗೆ ಬಂದು ಆರಿದ್ದನ್ನೇ ತಿಂದರು. ಹೊರಡುವಾಗ ಹಗಿನೋ ಸುಧಾಳ ಮುಂದೆ ನಿಂತು, ತಲೆ ಬಾಗಿಸಿ ಏನೋ ಹೇಳಿದಳು. ಇಲ್ಲಿ ಮಕ್ಕಳನ್ನು ಹೊಗಳಿದರೆ ತಾಯಂದಿರು ಕೈ ಅಲ್ಲಾಡಿಸಿ, ಇಲ್ಲ ಇಲ್ಲ, ಅಂಥದ್ದೇನಿಲ್ಲ ಎನ್ನಬೇಕು. ಸುಧಾ ಇಷ್ಟು ವರ್ಷದಲ್ಲಿ ಅದನ್ನು ಚೆನ್ನಾಗಿ ಕಲಿತಿದ್ದಾಳೆ, ಕೈಯೂ ಅರ್ಧ ಮೇಲೆದ್ದಿತ್ತು. ಆದರೆ ಕೈ ಅಲ್ಲೇ ನಿಂತಿತು. ಅವಳು ಎರಡು ಮೂರು ಮಾತು ಜಪಾನೀಸಿನಲ್ಲಿ ನಿಧಾನವಾಗಿ ಹೇಳಿದಳು. ಅದನ್ನು ಕೇಳಿದ ಅದಿತಿ ಚೀಲದಿಂದ ಟವೆಲ್ಲು ಎಳೆದು ಮುಖ ಮುಚ್ಚಿಕೊಂಡಳು. ಮೈದಾನದಲ್ಲಿ ಬಾರದ ಅಳು ಅಲ್ಲಿ, ಆ ನೂಡಲ್ಸ್ ಅಂಗಡಿಯ ಬಾಗಿಲಲ್ಲಿ ಬಂತು. "ಅಮ್ಮ ಏನಂದಳು?" ಎಂದು ಅದಿತಿಯನ್ನು ಕೇಳಿದೆ. ಯಾರೂ ಹೇಳಲಿಲ್ಲ. ಅಷ್ಟು ಕೇಳಿದ್ದೇ ಸಾಕೆಂದು ಸುಮ್ಮನಾದೆ.

ವಿಮಾನ ನಿಲ್ದಾಣ

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಹಗಿನೋ ಈಗ ಜಪಾನಿನಲ್ಲಿಲ್ಲ. ಯೂರೋಪಿನ ಕ್ಲಬ್ಬೊಂದಕ್ಕೆ ಆಡುತ್ತಾಳೆ, ದೇಶದ ತಂಡದಲ್ಲೂ ಇದ್ದಾಳೆ. ಅವಳ ಆಟದ ತುಣುಕುಗಳನ್ನು ನಮ್ಮ ಶಾಲೆಯ ಹುಡುಗಿಯರು ಮೊಬೈಲಿನಲ್ಲಿ ನೋಡುತ್ತಾರೆ. ನಾನು ಬಿಡುತ್ತೇನೆಯೇ? ಇವಳನ್ನು ನಾನು ಹೈಸ್ಕೂಲಿನಲ್ಲೇ ನೋಡಿದ್ದೆ ಎನ್ನುತ್ತೇನೆ. ಅವರು ನಂಬುವುದಿಲ್ಲ.

ಅದಿತಿ ಸ್ಟಾರ್ ಆಗಲಿಲ್ಲ. ಆ ಚಳಿಗಾಲವೆಲ್ಲ ಕೂತು ಓದಿದಳು. ಮೊದಲು ಬೇಕೆಂದಿದ್ದ ಯೂನಿವರ್ಸಿಟಿ ಸಿಗಲಿಲ್ಲ, ಎರಡನೆಯದು ಸಿಕ್ಕಿತು. ಅಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಾಳೆ, ಅಲ್ಲಿಯ ಹುಡುಗಿಯರ ತಂಡಕ್ಕೆ ಗೋಲು ಕಾಯುತ್ತಾಳೆ. ಕೆಲವು ಪಂದ್ಯ ಗೆಲ್ಲುತ್ತಾರೆ, ಕೆಲವು ಸೋಲುತ್ತಾರೆ. ಆ ಹಳೆಯ ಪ್ರಾಮಿಸ್ಸಿನ ಮಾತನ್ನು ತಾಯಿ ಮಗಳು ಮತ್ತೆ ಎತ್ತಲಿಲ್ಲ.

ಆ ಸಲ ನಾನು ಊರಿಗೆ ಹೊರಟ ದಿನ ಅದಿತಿಯೇ ವಿಮಾನ ನಿಲ್ದಾಣಕ್ಕೆ ಬಿಡಲು ಬಂದಿದ್ದಳು. ಸುಧಾ ಕೊಟ್ಟಿದ್ದ ಡಬ್ಬಿಗಳಿಂದ ನನ್ನ ಚೀಲ ತೂಕ ಮೀರಿತ್ತು. ಇಬ್ಬರೂ ನೆಲದ ಮೇಲೆ ಕೂತು ಒಂದು ಚೀಲದಿಂದ ಇನ್ನೊಂದಕ್ಕೆ ತುಂಬುತ್ತಿದ್ದೆವು. ಅದಿತಿ ತಲೆ ಎತ್ತದೆ ಹೇಳಿದಳು.

"ದೊಡ್ಡಮ್ಮ, ಅವತ್ತು ಕೇಳಿದ್ರಲ್ಲ, ಅಮ್ಮ ಏನಂದ್ಲು ಅಂತ."

"ಹೂಂ."

"ಹಗಿನೋ-ಸಾನ್ ಹೇಳಿದ್ಲು, ನಿಮ್ಮ ಮಗಳು ಒಳ್ಳೆ ಕೀಪರ್, ಮತ್ತೆ ಇವಳ ಎದುರು ಆಡಬೇಕು ಅಂತ. ಅಮ್ಮ, ಹೌದು ಅಂದ್ಲು." ಅವಳು ಕನ್ನಡದ ಮಾತುಗಳನ್ನು ಒಂದೊಂದಾಗಿ ಹುಡುಕಿದಳು, ಇಂಗ್ಲಿಷಿಗೆ ಹೋಗಲಿಲ್ಲ. "ಹೌದು, ಒಳ್ಳೆ ಕೀಪರ್. ಇಷ್ಟು ವರ್ಷ ನಾನು ಇವಳ ಬಟ್ಟೆಯ ಮಣ್ಣು ಮಾತ್ರ ನೋಡಿದ್ದೆ. ಇವತ್ತು ಇವಳನ್ನ ನೋಡಿದೆ, ಅಂದ್ಲು."

ಆಮೇಲೆ ಚೀಲದ ಜಿಪ್ಪು ಎಳೆಯಲು ಇಬ್ಬರೂ ಅದರ ಮೇಲೆ ಕೂರಬೇಕಾಯಿತು.